ಬೇಸಿಗೆಯ ನೆಂಟರೂಟ: ಜೋಳವನ್ನು ಪಂಕ್ತಿಯಿಂದ ಎಬ್ಬಿಸಿದ್ದು ತಪ್ಪು

ಮಹಾರಾಷ್ಟ್ರದ ಮರಾಠವಾಡಾ ಗಡಿಯಲ್ಲಿರುವ ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳ ಕನ್ನಡ ಮನೆಗಳಿಗೆ ನೆಂಟರು ಹೆಚ್ಚಾಗಿ ಬರುವ ಕಾಲ ಬೇಸಿಗೆ. ಶಾಲೆಗಳಿಗೆ ಸೂಟಿ ಬಿಟ್ಟ ಕೂಡಲೇ ಹೆಣ್ಣುಮಕ್ಕಳು ತಮ್ಮ ಮಕ್ಕಳೊಡನೆ ತವರಿಗೆ ಬರುತ್ತಾರೆ. ಪುಣೆ, ಹೈದರಾಬಾದುಗಳಿಗೆ ದುಡಿಯಲು ಹೋದವರು ಊರಿಗೆ ಮರಳುತ್ತಾರೆ. ಮದುವೆ, ಜಾತ್ರೆ, ಬಸವ ಜಯಂತಿ ಎಲ್ಲವೂ ಚೈತ್ರ, ವೈಶಾಖಗಳ ಆಜುಬಾಜು ಬೀಳುತ್ತವೆ. ಇದೇ ವಾರಗಳಲ್ಲಿ ಪಾರಾ 40 ಡಿಗ್ರಿ ದಾಟುವುದು ಸಾಮಾನ್ಯ. ಅಡುಗೆಮನೆ ಕಾದು ನಿಂತಿರುವ ಹೊತ್ತಿನಲ್ಲೇ ಅಡುಗೆಯ ಹೊರೆಯೂ ವರ್ಷದಲ್ಲೇ ಅತಿ ಹೆಚ್ಚಾಗಿರುತ್ತದೆ.

ಈ ಹೊರೆಯನ್ನು ಇನ್ನಷ್ಟು ಭಾರ ಮಾಡಿರುವುದು ಒಂದು ನಂಬಿಕೆ. ಬಂದವರಿಗೆ ಜೋಳದ ರೊಟ್ಟಿ, ಹಿಂಡಿ, ಮಜ್ಜಿಗೆ ಬಡಿಸುವುದು ಮರ್ಯಾದೆಯಲ್ಲ, ಅದು ಮನೆಯವರು ತಮ್ಮೊಳಗೆ ಉಣ್ಣುವ ಊಟ ಎಂಬುದೇ ಆ ನಂಬಿಕೆ. ನೆಂಟರೆಂದರೆ ಪೂರಿ ಕರಿಯಬೇಕು, ಮಸಾಲೆ ಅನ್ನ ಮಾಡಬೇಕು, ಅಂಗಡಿಯ ಸಿಹಿ ತರಬೇಕು, ಬಾಗಿಲಲ್ಲೇ ತಂಪು ಪಾನೀಯದ ಬಾಟಲಿ ತೆರೆಯಬೇಕು. ಇಷ್ಟಿಲ್ಲದಿದ್ದರೆ ಬೀಗರ ಮುಂದೆ ತಲೆ ತಗ್ಗುತ್ತದೆ ಎಂಬ ಮಾತು ಬಡವರ ಮನೆಯಲ್ಲೂ ಉಳ್ಳವರ ಮನೆಯಲ್ಲೂ ಒಂದೇ ರೀತಿ ಕೇಳಿಬರುತ್ತದೆ. ಈ ನಂಬಿಕೆ ಹಳೆಯದಲ್ಲ, ನೆಲಕ್ಕೆ ಒಗ್ಗಿದ್ದಲ್ಲ, ಆರೋಗ್ಯಕ್ಕೆ ಹಿತವಲ್ಲ, ಹೆಂಗಸರಿಗೆ ನ್ಯಾಯವೂ ಅಲ್ಲ. ಬೇಸಿಗೆಯಲ್ಲಿ ಸಹಜವಾಗಿ ಬಂದುಹೋಗುವ ನೆಂಟರಿಗೆ ಈ ಸೀಮೆಯಲ್ಲಿ ಜೋಳದ ಊಟಕ್ಕಿಂತ ಹೆಚ್ಚು ಗೌರವದ ಊಟ ಇನ್ನೊಂದಿಲ್ಲ.

ಮೊದಲು ಒಂದು ಭೇದವನ್ನು ಸ್ಪಷ್ಟಪಡಿಸಬೇಕು. ಹಬ್ಬದೂಟ ಬೇರೆ, ಬಂದವರೂಟ ಬೇರೆ. ಯುಗಾದಿಯ ಹೋಳಿಗೆ, ಮದುವೆಯ ಬುಂದಿ, ಅಧಿಕ ಮಾಸದಲ್ಲಿ ಅಳಿಯನನ್ನು ಕರೆದು ಮಾಡುವ ಸಿಹಿಯೂಟ ಇವೆಲ್ಲ ವಿಧಿಗೆ ಸೇರಿದವು. ಅವುಗಳಿಗೆ ಅವುಗಳದೇ ದಿನ, ಅವುಗಳದೇ ಕಟ್ಟಳೆ ಇದೆ. ಅವುಗಳ ವಿಷಯದಲ್ಲಿ ಇಲ್ಲಿ ತಕರಾರಿಲ್ಲ. ತಕರಾರಿರುವುದು ಹಬ್ಬದೂಟದ ಅಳತೆಗೋಲನ್ನು ತಂದು ದಿನನಿತ್ಯದ ಅತಿಥಿಯ ತಟ್ಟೆಗೆ ಹಚ್ಚುವುದರ ಬಗ್ಗೆ. ಮಧ್ಯಾಹ್ನ ಹನ್ನೆರಡರ ಬಸ್ಸಿಗೆ ಇಳಿದು ಬಂದ ಚಿಕ್ಕಪ್ಪನಿಗೆ, ಹದಿನೈದು ದಿನ ಇರಲು ಬಂದ ಮಗಳ ಮಕ್ಕಳಿಗೆ, ಸಂಜೆ ಅಂಗಳದಲ್ಲಿ ಬಂದು ಕೂರುವ ನೆರೆಯವರಿಗೆ ಹಬ್ಬದೂಟ ಬೇಕಾಗಿಲ್ಲ. ಅದನ್ನು ಪ್ರತಿಸಲ ಮಾಡಬೇಕೆಂಬ ಒತ್ತಡ ಬಂದ ಮೇಲೆ ಜನ ಕರೆಯುವುದನ್ನೇ ಕಡಿಮೆ ಮಾಡುತ್ತಾರೆ. ಸತ್ಕಾರದ ಮಟ್ಟ ಏರಿದಂತೆ ಕಂಡರೂ ನಿಜಕ್ಕೂ ಕುಗ್ಗುವುದು ಸತ್ಕಾರವೇ.

ಜೋಳ ಈ ನೆಲದ ಧಾನ್ಯವಾದದ್ದಕ್ಕೆ ಕಾರಣಗಳಿವೆ. ಮಾಂಜರಾ ಮತ್ತು ತೇರಣಾ ನದಿಗಳ ಈ ಸೀಮೆ ಬಹುಪಾಲು ಎರೆ ಭೂಮಿ. ಎರೆಮಣ್ಣು ಮಳೆಗಾಲದ ತೇವವನ್ನು ಒಡಲಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿತ್ತಿದ ಹಿಂಗಾರಿ ಜೋಳ ಆ ತೇವದ ಮೇಲೆಯೇ ಬೆಳೆದು ಫೆಬ್ರವರಿ, ಮಾರ್ಚಿಗೆ ಕೊಯ್ಲಿಗೆ ಬರುತ್ತದೆ. ಅಂದರೆ ನೆಂಟರು ಬರುವ ಏಪ್ರಿಲ್ ಹೊತ್ತಿಗೆ ಮನೆಯಲ್ಲಿರುವುದು ವರ್ಷದ ಹೊಸ ಜೋಳ. ಸೊಲ್ಲಾಪುರ ಜಿಲ್ಲೆಯ ಮೋಹೋಳದ ಸಂಶೋಧನಾ ಕೇಂದ್ರದಲ್ಲಿ ಸ್ಥಳೀಯ ತಳಿಯಿಂದಲೇ ಆರಿಸಿ ತೆಗೆದ ಮಾಲದಂಡಿ 35-1 ಹಲವು ದಶಕಗಳ ನಂತರವೂ ಈ ಭಾಗದ ರೊಟ್ಟಿಗೆ ಮಾದರಿಯಾಗಿ ಉಳಿದಿದೆ. ಕಾಳು ಮನುಷ್ಯರಿಗೆ, ಕಣಿಕೆ ದನಗಳಿಗೆ, ದನಗಳ ಹಾಲು ಮತ್ತೆ ಮನುಷ್ಯರಿಗೆ ಎಂಬ ಸರಪಳಿ ಇದರೊಂದಿಗೆ ಬೆಳೆಯಿತು. ಉದಗೀರದ ಸುತ್ತಲಿನ ದೇವಣಿ ತಳಿಯ ಹಸುಗಳು ಹಾಲಿಗೂ ಉಳುಮೆಗೂ ಹೆಸರಾದವು. ಬೇಸಿಗೆಯ ಮಜ್ಜಿಗೆ ಗಡಿಗೆಯ ಹಿಂದೆ ಈ ಇಡೀ ವ್ಯವಸ್ಥೆ ಇದೆ.

ಹೀಗಿದ್ದ ಧಾನ್ಯ ನೆಂಟರ ಪಂಕ್ತಿಯಿಂದ ಏಕೆ ಎದ್ದು ಹೋಯಿತು ಎಂಬುದಕ್ಕೆ ಇತಿಹಾಸದಲ್ಲಿ ಉತ್ತರವಿದೆ. ಹೈದರಾಬಾದ ಸಂಸ್ಥಾನದ ಬೀದರ ಜಿಲ್ಲೆಯಲ್ಲಿದ್ದ ನಿಲಂಗಾ, ಉದಗೀರ, ಅಹಮದಪುರ ತಾಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮುಂಬಯಿ ರಾಜ್ಯಕ್ಕೆ ಸೇರಿ ಉಸ್ಮಾನಾಬಾದ ಜಿಲ್ಲೆಯ ಭಾಗವಾದವು. ಉಮರ್ಗಾ ಅದಕ್ಕೂ ಮೊದಲಿನಿಂದಲೇ ಆ ಜಿಲ್ಲೆಯಲ್ಲಿತ್ತು. 1982ರಲ್ಲಿ ಲಾತೂರ ಜಿಲ್ಲೆ ಹುಟ್ಟಿದಾಗ ನಿಲಂಗಾ, ಉದಗೀರ ಅದಕ್ಕೆ ಹೋದವು. ಉಮರ್ಗಾ ಇಂದು ಧಾರಾಶಿವ ಎಂದು ಹೆಸರಾಗಿರುವ ಹಳೆಯ ಜಿಲ್ಲೆಯಲ್ಲೇ ಉಳಿಯಿತು. ಆಡಳಿತದ ಗೆರೆಗಳು ಹೀಗೆ ಸರಿದಾಡಿದರೂ ಒಲೆಯ ಮೇಲಿನ ಹಂಚು ಬದಲಾಗಲಿಲ್ಲ. ಕನ್ನಡದ ಮನೆಯಲ್ಲಿ ರೊಟ್ಟಿ, ಜುಣಕ. ಮರಾಠಿಯ ಮನೆಯಲ್ಲಿ ಭಾಕರಿ, ಪಿಠಲೆ. ಎರಡೂ ಕಡೆ ಹಿಟ್ಟು ಒಂದೇ, ಕೈಯ ಹದ ಒಂದೇ. ಊಟ ಬದಲಾದದ್ದು ಗಡಿಯಿಂದಲ್ಲ, ಬರದಿಂದ ಮತ್ತು ರೇಶನ್ ಅಂಗಡಿಯಿಂದ.

1972ರ ಬರದಲ್ಲಿ ಮರಾಠವಾಡಾದ ಜೋಳದ ಕಣಜಗಳು ಬರಿದಾದವು. ಹೊರದೇಶದಿಂದ ಬಂದ ಕೆಂಪು ಮಿಲೋ ಜೋಳವನ್ನು ಜನ ಉಂಡು ದಿನ ನೂಕಿದರು. ಹಸಿವಿನ ಆ ನೆನಪು ಮಿಲೋಗೆ ಮಾತ್ರ ಅಂಟಿಕೊಳ್ಳದೆ ಜೋಳದ ಇಡೀ ಕುಲಕ್ಕೆ ಅಂಟಿಕೊಂಡಿತು. ಮುಂದೆ ನ್ಯಾಯಬೆಲೆ ಅಂಗಡಿಗಳಲ್ಲಿ ಗೋಧಿ, ಅಕ್ಕಿ ಸ್ಥಿರವಾಗಿ ಸಿಗತೊಡಗಿದವು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಅಕ್ಕಿಗೆ ಕಿಲೋಗೆ 3 ರೂಪಾಯಿ, ಗೋಧಿಗೆ 2 ರೂಪಾಯಿ, ಒರಟು ಧಾನ್ಯಕ್ಕೆ 1 ರೂಪಾಯಿ ಎಂದು ದರ ಗೊತ್ತುಮಾಡಿತು. ಬಡವರಿಗೆ ನೆರವಾಗಲೆಂದು ಮಾಡಿದ ಈ ದರಪಟ್ಟಿ ಜೋಳವನ್ನು ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಲ್ಲಿ ನಿಲ್ಲಿಸಿತು. ಹೊಲದಲ್ಲಿಯೂ ಮುಂಗಾರಿನ ಜೋಳದ ಜಾಗವನ್ನು ಸೋಯಾಬೀನ್ ಹಿಡಿಯಿತು. ಹೊಲದಲ್ಲಿ ಕಡಿಮೆಯಾದ, ಸರಕಾರ ಅಗ್ಗವೆಂದು ಎಣಿಸಿದ, ಹಿರಿಯರ ಬರದ ನೆನಪಿಗೆ ತಳಕು ಹಾಕಿಕೊಂಡ ಧಾನ್ಯವನ್ನು ಬೀಗರ ತಟ್ಟೆಗೆ ಹಾಕಲು ಜನ ಹಿಂಜರಿದದ್ದು ಅರ್ಥವಾಗುವಂಥದ್ದೇ. ಆದರೆ ಅರ್ಥವಾಗುವುದೆಲ್ಲ ಸರಿಯಾಗಿರುವುದಿಲ್ಲ.

ಜೋಳ ಬಡತನದ ಊಟ ಎಂಬ ಮೊದಲ ವಾದ ಇಂದಿನ ಬೆಲೆಗಳ ಎದುರು ನಿಲ್ಲುವುದಿಲ್ಲ. 2024-25ರ ಹಂಗಾಮಿಗೆ ಕೇಂದ್ರ ಸರಕಾರ ಮಾಲದಂಡಿ ಜೋಳಕ್ಕೆ ಕ್ವಿಂಟಲಿಗೆ 3,421 ರೂಪಾಯಿ ಬೆಂಬಲ ಬೆಲೆ ಘೋಷಿಸಿತು. 2025-26ರ ಮಾರಾಟ ಹಂಗಾಮಿಗೆ ಗೋಧಿಯ ಬೆಂಬಲ ಬೆಲೆ 2,425 ರೂಪಾಯಿ ಇತ್ತು. ಅಗ್ಗದ ಧಾನ್ಯವನ್ನು ಬಡಿಸಿದರೆ ಅವಮಾನ ಎಂಬ ತರ್ಕವನ್ನೇ ಒಪ್ಪಿದರೂ ಇಂದು ಅವಮಾನವಾಗಬೇಕಾದದ್ದು ಪೂರಿಗೆ, ರೊಟ್ಟಿಗಲ್ಲ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಪೇಟೆಯ ಜನ ಹೊಲಗಳಿಗೆ ಬಂದು ಹಣ ಕೊಟ್ಟು ಎಳೆಯ ಜೋಳದ ಸೀತನಿ ತಿನ್ನುತ್ತಾರೆ, ಕೃಷಿ ಪ್ರವಾಸದ ಹೆಸರಿನಲ್ಲಿ ಜುಣಕ ರೊಟ್ಟಿ ಕೇಳಿ ಉಣ್ಣುತ್ತಾರೆ. ಪೇಟೆ ಬೆಲೆ ಕೊಟ್ಟು ಕೊಳ್ಳುವ ಊಟವನ್ನು ಬೆಳೆದವನ ಮನೆ ನೆಂಟರಿಂದ ಮುಚ್ಚಿಡುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಜೊತೆಗೆ ಬರುವ ಸಾಮಗ್ರಿಗಳ ವಿಷಯವೂ ಹೀಗೆಯೇ. ನಿಲಂಗಾ ತಾಲೂಕಿನ ಬೋರಸುರಿಯ ತೊಗರಿಬೇಳೆಗೂ ಪಾನಚಿಂಚೋಳಿಯ ಹುಣಸೆಗೂ 2024ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ಅದೇ ವರ್ಷ ಲಾತೂರ ಜಿಲ್ಲೆಯ ಕಾಸ್ತಿಯ ಕೊತ್ತಂಬರಿಗೂ ಅದು ದೊರಕಿತು. ಬೇಳೆ, ಹುಣಸೆ, ಕೊತ್ತಂಬರಿ ಈ ಮೂರೂ ಸೇರಿದರೆ ರೊಟ್ಟಿಯ ಪಕ್ಕದ ಬಟ್ಟಲು ತುಂಬುತ್ತದೆ. ನೆಲದ ಹೆಸರಿನಿಂದಲೇ ಗುರುತಿಸಲಾಗುವ ಇಂಥ ಮೂರು ಪದಾರ್ಥಗಳು ಕೈಗೆಟಕುವಲ್ಲಿರುವಾಗ, ಎಲ್ಲ ಊರಿನಲ್ಲೂ ಒಂದೇ ರುಚಿಯಿರುವ ಕೆಂಪು ಗ್ರೇವಿಯ ಪನೀರನ್ನು ಸತ್ಕಾರದ ಲಕ್ಷಣವೆಂದು ತಿಳಿಯುವುದು ತನ್ನ ಮನೆಯ ಸಂಪತ್ತನ್ನು ತಾನೇ ಅರಿಯದಿರುವುದು.

ಎರಡನೆಯ ವಾದ ಗೌರವದ್ದು. ಖರ್ಚು ಹೆಚ್ಚಾದಷ್ಟೂ, ಪದಾರ್ಥಗಳ ಸಂಖ್ಯೆ ಬೆಳೆದಷ್ಟೂ ಅತಿಥಿಗೆ ಮಾನ ಎಂಬುದು ಅದರ ಸಾರ. ಈ ಸೀಮೆಯ ದೊಡ್ಡ ಸತ್ಕಾರದ ಹಬ್ಬವೇ ಇದನ್ನು ಸುಳ್ಳು ಮಾಡುತ್ತದೆ. ಎಳ್ಳ ಅಮಾವಾಸ್ಯೆಯ ದಿನ ಲಾತೂರ ಮತ್ತು ಧಾರಾಶಿವ ಜಿಲ್ಲೆಗಳ ಊರುಗಳು ಖಾಲಿಯಾಗಿ ಜನ ಹೊಲಗಳಿಗೆ ಹೋಗುತ್ತಾರೆ. ಲಾತೂರ ಜಿಲ್ಲಾಡಳಿತ ಆ ದಿನಕ್ಕೆ ಸ್ಥಳೀಯ ರಜೆ ಕೊಡುವ ರೂಢಿಯಿದೆ. ಮರಾಠಿ ಮಾತನಾಡುವವರು ಯೇಳವಸ್ ಎಂದು ಕರೆಯುವ ಈ ಹಬ್ಬ ಕರ್ನಾಟಕದ ಕಡೆಯಿಂದ ಬಂದದ್ದೆಂಬುದನ್ನು ಮಹಾರಾಷ್ಟ್ರದಲ್ಲೂ ಸಾಮಾನ್ಯವಾಗಿ ಒಪ್ಪುತ್ತಾರೆ. ಅಂದು ಹೊಲದಲ್ಲಿ ಬಡಿಸುವುದು ಹಲವು ಕಾಯಿ, ಸೊಪ್ಪು, ಹಸಿ ಕಾಳು ಸೇರಿಸಿ ಬೇಯಿಸಿದ ಭಜ್ಜಿ, ಸಜ್ಜೆ ಮತ್ತು ಜೋಳದ ರೊಟ್ಟಿ, ಗಡಿಗೆಯಲ್ಲಿ ಹುಳಿ ಬಂದ ಜೋಳದ ಅಂಬಲಿ. ಸ್ವಂತ ಹೊಲವಿಲ್ಲದ ಗುರುತಿನವರನ್ನು, ಕಚೇರಿಯವರನ್ನು, ದಾರಿಹೋಕರನ್ನು ಕರೆದು ಕೂರಿಸುತ್ತಾರೆ. ಅಧಿಕಾರಿಗಳೂ ಬಂದು ಅಂಬಲಿ ಕುಡಿದು ಹೋಗುತ್ತಾರೆ. ಯಾರಿಗೂ ಮಾನ ಹೋದಂತೆ ಅನಿಸುವುದಿಲ್ಲ. ಡಿಸೆಂಬರಿನ ಚಳಿಯಲ್ಲಿ ಊರಿಗೆಲ್ಲ ಎತ್ತಿ ಹೊಯ್ಯುವ ಅಂಬಲಿಯನ್ನು, ಅದು ನಿಜವಾಗಿ ಬೇಕಾದ ಮೇ ತಿಂಗಳಲ್ಲಿ ಬೀಗರಿಗೆ ಕೊಡಲು ನಾಚುವುದು ತರ್ಕಕ್ಕೆ ಹೊಂದದು.

ಇನ್ನೊಂದು ಸಾಕ್ಷಿ ಗಡಿಯ ಆಚೆಗೆ, ಉಮರ್ಗಾದ ನೆರೆಯ ಬಸವಕಲ್ಯಾಣದಲ್ಲಿದೆ. ಹನ್ನೆರಡನೆಯ ಶತಮಾನದ ಶರಣರು ಕಟ್ಟಿದ ದಾಸೋಹದ ಪರಂಪರೆಯಲ್ಲಿ ಊಟದ ಬೆಲೆ ಅದರ ಖರ್ಚಿನಲ್ಲಿಲ್ಲ, ದುಡಿದು ತಂದದ್ದನ್ನು ಭೇದವಿಲ್ಲದೆ ಹಂಚುವುದರಲ್ಲಿದೆ. ಈ ಮೂರು ತಾಲೂಕುಗಳ ಲಿಂಗಾಯತ ಮನೆಗಳು ಆ ಪರಂಪರೆಯನ್ನು ತಮ್ಮದೆಂದು ಹೇಳಿಕೊಳ್ಳುತ್ತವೆ. ಬಸವ ಜಯಂತಿ ಬೀಳುವುದು ವೈಶಾಖ ಶುದ್ಧ ತದಿಗೆಯಂದು, ಬೇಸಿಗೆಯ ನಡುವೆ. ದಾಸೋಹವನ್ನು ಮೆರವಣಿಗೆಯಲ್ಲಿ ಕೊಂಡಾಡಿ, ಮರುದಿನ ಮನೆಗೆ ಬಂದವರ ಮುಂದೆ ತಟ್ಟೆಯ ಆಡಂಬರಕ್ಕೆ ಬೀಳುವುದು ಆ ಪರಂಪರೆಗೆ ಬಗೆಯುವ ಅನ್ಯಾಯ.

ಮೂರನೆಯದು ತಂಪಿನ ವಾದ. ಬಿಸಿಲಿನಿಂದ ಬಂದವರಿಗೆ ಬಾಟಲಿಯ ತಂಪು ಪಾನೀಯವೇ ತಕ್ಕ ಉಪಚಾರ ಎಂಬ ನಂಬಿಕೆ ಹಳ್ಳಿಹಳ್ಳಿಗೆ ಮುಟ್ಟಿದೆ. ಸಾಮಾನ್ಯ ಕೋಲಾದ 250 ಮಿಲಿಲೀಟರಿನಲ್ಲಿ ಸುಮಾರು 26 ಗ್ರಾಂ ಸಕ್ಕರೆ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ ಸೇರಿಸಿದ ಸಕ್ಕರೆಯನ್ನು ದಿನಕ್ಕೆ ಸುಮಾರು 25 ಗ್ರಾಂ ಒಳಗೆ ಇಟ್ಟರೆ ಹೆಚ್ಚಿನ ಲಾಭ. ಒಂದೇ ಲೋಟದಲ್ಲಿ ಇಡೀ ದಿನದ ಮಿತಿ ಮುಗಿದುಹೋಗುತ್ತದೆ. ಬೆವರಿನಲ್ಲಿ ದೇಹ ಕಳೆದುಕೊಳ್ಳುವುದು ನೀರು ಮತ್ತು ಉಪ್ಪು. ಉಪ್ಪು ಹಾಕಿದ ನೀರುಮಜ್ಜಿಗೆ ಎರಡನ್ನೂ ಕೊಡುತ್ತದೆ, ಬಾಟಲಿಯ ಪಾನೀಯ ಕೊಡುವುದು ಹೆಚ್ಚಾಗಿ ಸಕ್ಕರೆ. ಹದಿನೈದು ದಿನದ ಸೂಟಿಗೆ ಬಂದ ಮಕ್ಕಳಿಗೆ ಪ್ರೀತಿಯ ಹೆಸರಿನಲ್ಲಿ ದಿನವೂ ಇದನ್ನು ಕುಡಿಸುವುದು ಪ್ರೀತಿಯ ಕೆಲಸವಲ್ಲ.

ಇಲ್ಲಿ ಜೋಳದ ಪರ ಇರುವವರ ಅತಿರೇಕವನ್ನೂ ತಳ್ಳಿಹಾಕಬೇಕು. ಜೋಳ ತಂಪು, ಗೋಧಿ ಉಷ್ಣ ಎಂದು ಧಾನ್ಯಕ್ಕೇ ಗುಣ ಹಚ್ಚಿ, ಜೋಳವನ್ನು ಔಷಧಿಯಂತೆ ಹೊಗಳುವ ಮಾತುಗಳು ಈಗ ಹೆಚ್ಚಾಗಿವೆ. ಜೋಳದಲ್ಲಿ ನೂರು ಗ್ರಾಮಿಗೆ ಸುಮಾರು 10 ಗ್ರಾಂ ಪ್ರೋಟೀನು, ಅಷ್ಟೇ ನಾರು ಇದೆ. ಜರಡಿ ಹಿಡಿಯದ ಗೋಧಿ ಹಿಟ್ಟು ಇದರಲ್ಲಿ ಹಿಂದೆ ಬೀಳುವುದಿಲ್ಲ. ಹಾಗಾಗಿ ಗೋಧಿಯ ಚಪಾತಿ ವೈರಿಯಲ್ಲ. ವೈರಿಯಾಗಿರುವುದು ಎಣ್ಣೆ ಕುಡಿದ ಪೂರಿ, ಮೈದಾದ ತಿಂಡಿ, ಖೋವಾದ ಸಿಹಿ ಇವನ್ನು ಕಡು ಬೇಸಿಗೆಯಲ್ಲಿ ಹೊಟ್ಟೆಯ ಮೇಲೆ ಹೇರುವ ರೂಢಿ. ಬೇಸಿಗೆಯಲ್ಲಿ ಜೋಳದ ಊಟ ಹಿತವಾಗುವುದು ಜೋಳದ ಮಾಯೆಯಿಂದಲ್ಲ. ಅದರ ಸುತ್ತ ಬೆಳೆದ ಇಡೀ ಪದ್ಧತಿಯಲ್ಲಿ ನೀರು, ಮಜ್ಜಿಗೆ, ಹುಳಿ, ಉಪ್ಪು ಹೆಚ್ಚು, ಎಣ್ಣೆ ಕಡಿಮೆ, ಹಗಲಿನ ಉರಿಯಲ್ಲಿ ಒಲೆ ಹೊತ್ತಿಸುವ ಅಗತ್ಯವೂ ಕಡಿಮೆ.

ಆ ಪದ್ಧತಿಯನ್ನು ಹೊತ್ತಿಗನುಸಾರ ನೋಡಿದರೆ ಅದರ ಜಾಣ್ಮೆ ಗೊತ್ತಾಗುತ್ತದೆ. ಬಾಗಿಲಿಗೆ ಬಂದವರಿಗೆ ಮೊದಲು ಮಣ್ಣಿನ ಗಡಿಗೆಯ ನೀರು, ಜೊತೆಗೊಂದು ತುಣುಕು ಬೆಲ್ಲ. ಸ್ವಲ್ಪ ಸುಧಾರಿಸಿಕೊಂಡ ಮೇಲೆ ಅಂಬಲಿ ಅಥವಾ ಪಾನಕ. ಅಂಬಲಿಗೆ ಜೋಳದ ಹಿಟ್ಟನ್ನು ಹಿಂದಿನ ರಾತ್ರಿಯೇ ಹುಳಿ ಮಜ್ಜಿಗೆಯಲ್ಲಿ ಕದಡಿ ಇಡುತ್ತಾರೆ. ಬೆಳಗಿನ ತಂಪಿನಲ್ಲಿ ಕುದಿಸಿ ಆರಿಸುತ್ತಾರೆ. ಬಡಿಸುವಾಗ ತಾಜಾ ಮಜ್ಜಿಗೆ ಹೊಯ್ದು ತೆಳುವಾಗಿಸಿ, ಉಪ್ಪು, ಜಜ್ಜಿದ ಬಳ್ಳೊಳ್ಳಿ, ಜೀರಿಗೆ ಬೆರೆಸುತ್ತಾರೆ. ಪಾನಕಕ್ಕೆ ಮಾವಿನಕಾಯಿ ಬೇಯಿಸಿ ಕಿವುಚಿ ಬೆಲ್ಲ, ಏಲಕ್ಕಿ, ಚೂರು ಉಪ್ಪು ಸೇರಿಸಿದರಾಯಿತು. ಮಾವು ಇಲ್ಲದ ದಿನ ಹುಣಸೆ ನೆನೆಸಿ ಬೆಲ್ಲ ಕದಡಿದರೂ ಆಯಿತು. ಪಾನಕದಲ್ಲೂ ಬೆಲ್ಲವಿದೆ, ಆದ್ದರಿಂದ ಅದನ್ನೂ ಹದವರಿತು ಸಿಹಿ ಮಾಡಬೇಕು. ಆ ಹದ ಮನೆಯವರ ಕೈಯಲ್ಲಿರುತ್ತದೆ ಎಂಬುದೇ ಬಾಟಲಿಗೂ ಪಾನಕಕ್ಕೂ ಇರುವ ವ್ಯತ್ಯಾಸ.

ಮಧ್ಯಾಹ್ನದ ಊಟಕ್ಕೆ ರೊಟ್ಟಿ. ಬೆಳಗ್ಗೆ ಮಾಡಿದ ರೊಟ್ಟಿ ಇದ್ದರೆ ಅದು, ಇಲ್ಲವಾದರೆ ಬಿಸಿಲಿಗೆ ಒಣಗಿ ಗರಿಗರಿಯಾದ ಖಡಕ್ ರೊಟ್ಟಿ. ಪಕ್ಕಕ್ಕೆ ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿಗಳಲ್ಲಿ ಒಂದೋ ಎರಡೋ. ಹಿಂಡಿಯ ಮೇಲೆ ಎಣ್ಣೆಯ ಧಾರೆ ಅಥವಾ ಕೆನೆ ಮೊಸರು. ಹಸಿ ಉಳ್ಳಾಗಡ್ಡಿ, ಸೌತೆಕಾಯಿ, ತುರಿದ ಮಾವಿನಕಾಯಿ. ಹುಳಿ ಹಾಕಿದ ತೆಳ್ಳನೆಯ ತೊಗರಿಬೇಳೆ, ಸಿಕ್ಕಾಗ ಪುಂಡಿ ಪಲ್ಯ. ಅನ್ನದ ಜಾಗದಲ್ಲಿ ಜೋಳದ ನುಚ್ಚು, ಮೇಲೆ ಮಜ್ಜಿಗೆ. ಕೊನೆಗೆ ಸಿಹಿ ಬೇಕಾದರೆ ಮಾವಿನ ಸೀಕರಣೆ. ಬೇಸಿಗೆಯಲ್ಲಿ ಮನೆಯ ಮಾಳಿಗೆಯ ಮೇಲೆ ಒಣಗಿಸಿದ ಶಾವಿಗೆಯನ್ನು ಕುದಿಸಿ ಬಸಿದು ಆ ಸೀಕರಣೆಯೊಡನೆ ಬಡಿಸಿದರೆ ಯಾವ ಅಂಗಡಿಯ ಸಿಹಿಯೂ ಅದಕ್ಕೆ ಸಾಟಿಯಲ್ಲ. ಸಂಜೆ ಹೊತ್ತು ಮುಳುಗಿದ ಮೇಲೆ ಅಂಗಳಕ್ಕೆ ನೀರು ಚಿಮುಕಿಸಿ ಕೂತವರಿಗೆ ಚುರುಮುರಿಯಲ್ಲಿ ಉಳ್ಳಾಗಡ್ಡಿ, ಮಾವಿನಕಾಯಿ, ಶೇಂಗಾ ಕಲಸಿ ಕೊಟ್ಟು, ಕಲ್ಲಂಗಡಿ ಕೊಯ್ದಿಟ್ಟರೆ ಸಾಕು. ಈ ಪಟ್ಟಿಯಲ್ಲಿ ಬಡತನ ಎಲ್ಲೂ ಇಲ್ಲ. ಸಿಹಿ, ಹುಳಿ, ಖಾರ, ಉಪ್ಪು, ಗರಿ, ಮೆದು ಎಲ್ಲವೂ ಇವೆ.

ಕೆಡುವ ಪ್ರಶ್ನೆಯಲ್ಲಿ ಈ ಊಟದ ಮೇಲುಗೈ ಇನ್ನೂ ಸ್ಪಷ್ಟ. ಬೇಯಿಸಿದ ಆಹಾರವನ್ನು ಹೊರಗಿನ ಉಷ್ಣತೆಯಲ್ಲಿ 2 ಗಂಟೆಗಿಂತ ಹೆಚ್ಚು ಬಿಡಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಸೂಟಿಯ ನೆಂಟರು ಒಂದೇ ಗಳಿಗೆಗೆ ಬರುವುದಿಲ್ಲ. ಒಬ್ಬರು ಹೈದರಾಬಾದ್ ಹೆದ್ದಾರಿಯ ಬಸ್ಸಿಗೆ ಉಮರ್ಗಾದಲ್ಲಿ ಇಳಿಯುತ್ತಾರೆ, ಇನ್ನೊಬ್ಬರು ಬೀದರಿನಿಂದ ಭಾಲ್ಕಿ, ಕಮಲನಗರ ದಾಟಿ ಬರುವ ರೈಲಿಗೆ ಉದಗೀರ ತಲುಪುತ್ತಾರೆ. ಹನ್ನೊಂದಕ್ಕೆ ಮಾಡಿಟ್ಟ ಪನೀರು, ಮಸಾಲೆ ಅನ್ನ, ಖೋವಾದ ಸಿಹಿ ಮೂರು ಗಂಟೆಯ ಹೊತ್ತಿಗೆ ಅಪಾಯದ ಅಂಚಿಗೆ ಬಂದಿರುತ್ತವೆ. ವಿದ್ಯುತ್ತು ಹೋದರೆ ಫ್ರಿಜ್ಜಿನ ಭರವಸೆಯೂ ಇಲ್ಲ. ಖಡಕ್ ರೊಟ್ಟಿಯಲ್ಲಿ, ಒಣ ಹಿಂಡಿಯಲ್ಲಿ ತೇವವೇ ಇಲ್ಲದ ಕಾರಣ ಅವು ದಿನಗಟ್ಟಲೆ ಇರುತ್ತವೆ. ಅಂಬಲಿ, ಮಜ್ಜಿಗೆಯ ಹುಳಿಯೇ ಕೆಡಿಸುವ ಸೂಕ್ಷ್ಮಜೀವಿಗಳನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಕಾಯಿ, ಉಳ್ಳಾಗಡ್ಡಿಗಳನ್ನು ಬಡಿಸುವಾಗ ಹೆಚ್ಚಿದರಾಯಿತು. ಯಾರು ಯಾವಾಗ ಬಂದರೂ ಊಟ ಸಿದ್ಧವಾಗಿರುವ, ಯಾರ ಹೊಟ್ಟೆಯೂ ಕೆಡದ ವ್ಯವಸ್ಥೆ ಇದು.

ನೀರಿನ ಲೆಕ್ಕವನ್ನೂ ಬಿಡುವಂತಿಲ್ಲ. 2016ರ ಏಪ್ರಿಲ್ ತಿಂಗಳಲ್ಲಿ ಲಾತೂರ ನಗರಕ್ಕೆ ಮಿರಜಿನಿಂದ ರೈಲಿನಲ್ಲಿ ಕುಡಿಯುವ ನೀರು ತರಬೇಕಾಯಿತು. ಮೊದಲ ರೈಲು ತಂದದ್ದು ಸುಮಾರು 5 ಲಕ್ಷ ಲೀಟರ್. ಆ ಜಿಲ್ಲೆಯ ತಾಲೂಕುಗಳೇ ನಿಲಂಗಾ ಮತ್ತು ಉದಗೀರ. ಎಣ್ಣೆಯ ಬಾಣಲೆ, ಗ್ರೇವಿಯ ಪಾತ್ರೆ, ತುಪ್ಪ ಮೆತ್ತಿದ ತಟ್ಟೆಗಳನ್ನು ತೊಳೆಯಲು ಬೇಕಾಗುವ ನೀರಿಗೂ, ರೊಟ್ಟಿ ಹಿಂಡಿಯ ತಟ್ಟೆ ತೊಳೆಯಲು ಬೇಕಾಗುವ ನೀರಿಗೂ ಇರುವ ಅಂತರ ಪಾತ್ರೆ ತೊಳೆಯುವ ಕೈಗಳಿಗೆ ಚೆನ್ನಾಗಿ ಗೊತ್ತು. ಟ್ಯಾಂಕರಿಗೆ ಕಾಯುವ ಊರಿನಲ್ಲಿ ನೀರು ಉಳಿಸುವ ಊಟ ಕೀಳು, ನೀರು ಸುರಿಸುವ ಊಟ ಮೇಲು ಎಂಬ ಎಣಿಕೆಗೆ ನ್ಯಾಯವಿಲ್ಲ.

ಈಗ ಎದುರು ಪಕ್ಷದ ಅತ್ಯಂತ ಬಲವಾದ ಆಕ್ಷೇಪಕ್ಕೆ ಬರಬೇಕು. ರೊಟ್ಟಿ ಬಡಿಯುವುದು ಹೆಂಗಸರಿಗೆ ಕಷ್ಟದ ಕೆಲಸ; ಹತ್ತು ಜನ ನೆಂಟರಿಗೆ ರೊಟ್ಟಿ ಮಾಡು ಎನ್ನುವುದು ಸೊಸೆಯನ್ನು ಬೆಂಕಿಯ ಮುಂದೆ ಕೂರಿಸುವುದು ಎಂಬ ಮಾತಿನಲ್ಲಿ ಸತ್ಯವಿದೆ. ಬಿಸಿನೀರಲ್ಲಿ ಹಿಟ್ಟು ನಾದಿ, ಕೈಯಿಂದ ತಟ್ಟಿ, ಹಂಚಿಗೆ ಹಾಕಿ, ನೀರು ಸವರಿ, ತಿರುವಿ, ಕೆಂಡದ ಬದಿಗೆ ಒರಗಿಸಿ ಉಬ್ಬಿಸುವ ಕೆಲಸದ ಶ್ರಮವನ್ನು ಕಡಿಮೆ ಮಾಡಿ ಹೇಳುವವರು ಆ ಕೆಲಸ ಮಾಡದವರು. ಜೋಳದ ಪರವಾದ ವಾದ ಈ ಶ್ರಮವನ್ನು ಮರೆತರೆ ಅದಕ್ಕೆ ಬೆಲೆಯಿಲ್ಲ.

ಆದರೆ ಈ ಆಕ್ಷೇಪ ಪೂರಿಯ ಪರವಾಗಿ ಏನನ್ನೂ ಸಾಧಿಸುವುದಿಲ್ಲ. ಪೂರಿಯನ್ನು ಮುಂಚಿತವಾಗಿ ಮಾಡಿಡಲು ಬರುವುದಿಲ್ಲ. ಕೊನೆಯ ನೆಂಟ ಕೈ ತೊಳೆಯುವ ತನಕ ಒಬ್ಬಾಕೆ ಕಾದ ಎಣ್ಣೆಯ ಮುಂದೆ, ಹಗಲಿನ ಅತಿ ಬಿಸಿಯ ಗಳಿಗೆಯಲ್ಲಿ ನಿಲ್ಲಲೇಬೇಕು. ಅವಳ ಊಟ ಎಲ್ಲರದೂ ಆದ ಮೇಲೆ. ರೊಟ್ಟಿಯನ್ನು ನಸುಕಿನ ತಂಪಿನಲ್ಲಿ ಮಾಡಿ ಮುಗಿಸಬಹುದು. ಖಡಕ್ ರೊಟ್ಟಿಯನ್ನು ವಾರದ ಮುಂಚೆಯೇ ಮಾಡಿ ಪುಟ್ಟಿಯಲ್ಲಿ ಒಟ್ಟಿಡಬಹುದು. ಹಿಂಡಿ, ಹಪ್ಪಳ, ಸಂಡಿಗೆ, ಕುರಡಗಿ, ಶಾವಿಗೆಗಳನ್ನು ನೆರೆಹೊರೆಯ ಹೆಂಗಸರು ಸೇರಿ ಬೇಸಿಗೆಯ ಮೊದಲಲ್ಲೇ ಮಾಡಿಕೊಳ್ಳುವ ರೂಢಿಯ ಹಿಂದೆ ಇದೇ ಲೆಕ್ಕವಿದೆ. ನೆಂಟರು ಬಂದ ದಿನ ಒಲೆಯಿಂದ ಎದ್ದು ಅವರೊಡನೆ ಕೂರಲು ಮನೆಯಾಕೆಗೆ ಸಾಧ್ಯವಾಗುವ ಊಟ ಇದೊಂದೇ. ತವರಿಗೆ ಬಂದ ಮಗಳು ತಾಯಿಯೊಡನೆ ಮಾತಾಡಲು ಬಂದಿರುತ್ತಾಳೆ, ಅಡುಗೆಮನೆಯ ಹೊಗೆಯಲ್ಲಿ ತಾಯಿಯ ಬೆನ್ನು ನೋಡಲು ಅಲ್ಲ.

ಉಳಿದ ಶ್ರಮಕ್ಕೆ ಎರಡು ಪರಿಹಾರಗಳಿವೆ. ಮೊದಲನೆಯದು, ಮನೆಯ ಗಂಡಸರು ಮಜ್ಜಿಗೆ ಕಡೆಯುವುದು, ಉಳ್ಳಾಗಡ್ಡಿ ಹೆಚ್ಚುವುದು, ಬಡಿಸುವುದು, ತಟ್ಟೆ ತೊಳೆಯುವುದು. ಎಳ್ಳ ಅಮಾವಾಸ್ಯೆಯ ದಿನ ಹೊಲದಲ್ಲಿ ಗಂಡಸರು ಬಂದವರಿಗೆ ಬಡಿಸುತ್ತಾರೆ. ಅದನ್ನೇ ಮನೆಯೊಳಗೆ ಮಾಡಲು ಅಡ್ಡಿಯೇನೂ ಇಲ್ಲ. ಎರಡನೆಯದು, ರೊಟ್ಟಿಯನ್ನು ಕೊಳ್ಳುವುದು. ಸೊಲ್ಲಾಪುರ, ಕಲಬುರಗಿ, ಬೀದರಗಳಲ್ಲಿ ರೊಟ್ಟಿ ಮಾಡಿ ಮಾರುವ ಹೆಂಗಸರ ಕಸುಬು ಬೆಳೆದು ನಿಂತಿದೆ. ಕಲಬುರಗಿಯ ಜಿಲ್ಲಾಡಳಿತ ಮಹಿಳಾ ಸ್ವಸಹಾಯ ಸಂಘಗಳ ರೊಟ್ಟಿಯನ್ನು ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಪೇಟೆಗೆ ತಂದಿದೆ. ಅಂಗಡಿಯ ಸಿಹಿಗೆ, ಬಾಟಲಿಗೆ ಕೊಡುವ ಹಣವನ್ನು ಊರಿನದೇ ಹೆಂಗಸಿನ ರೊಟ್ಟಿಗೆ ಕೊಟ್ಟರೆ ಮನೆಯಾಕೆಯ ಶ್ರಮ ಇಳಿಯುತ್ತದೆ, ಇನ್ನೊಂದು ಮನೆಯ ಒಲೆಗೆ ಆದಾಯವಾಗುತ್ತದೆ, ಎರೆ ಹೊಲದ ಜೋಳಕ್ಕೆ ಗಿರಾಕಿ ಸಿಗುತ್ತದೆ.

ಇನ್ನುಳಿದ ಆಕ್ಷೇಪ ಮಕ್ಕಳದು. ಪೇಟೆಯಲ್ಲಿ ಬೆಳೆದ ಮಕ್ಕಳು ರೊಟ್ಟಿ ಮುಟ್ಟುವುದಿಲ್ಲ ಎನ್ನುತ್ತಾರೆ. ಮಕ್ಕಳಿಗೆ ಜೋಳ ಬೇಡವೆಂದು ಕಲಿಸಿದವರು ದೊಡ್ಡವರೇ. ಮೊಮ್ಮಕ್ಕಳು ಬಂದ ದಿನ ರೊಟ್ಟಿಯ ಪುಟ್ಟಿಯನ್ನು ಒಳಗಿಟ್ಟು ಅವರಿಗಾಗಿ ನೂಡಲ್ಸ್ ಕುದಿಸಿದರೆ, ಮೊದಲನೆಯದು ಕೀಳೆಂಬ ಪಾಠ ಮಾತಿಲ್ಲದೆ ತಲುಪುತ್ತದೆ. ಖಡಕ್ ರೊಟ್ಟಿಯ ತುಂಡಿಗೆ ಬೆಣ್ಣೆ, ಶೇಂಗಾ ಹಿಂಡಿ ಸವರಿ ಕೊಟ್ಟರೆ, ರೊಟ್ಟಿಯನ್ನು ಪುಡಿ ಮಾಡಿ ಬೆಲ್ಲ ತುಪ್ಪ ಕಲಸಿ ಮುದ್ದಿ ಕಟ್ಟಿ ಕೊಟ್ಟರೆ, ಹಿಟ್ಟಿನ ಉಂಡೆಯನ್ನು ತಾವೇ ತಟ್ಟಲು ಬಿಟ್ಟರೆ, ಮಕ್ಕಳು ತಾವಾಗಿ ಕೇಳಿ ತಿನ್ನುತ್ತಾರೆ. ಗಡಿಯ ಶಾಲೆಗಳಲ್ಲಿ ಕನ್ನಡ ಕಡಿಮೆಯಾಗುತ್ತಿರುವ ದಿನಗಳಲ್ಲಿ ಅಂಬಲಿ, ಹಿಂಡಿ, ನುಚ್ಚು, ಸೀಕರಣೆ ಎಂಬ ಮಾತುಗಳು ಮಕ್ಕಳ ಬಾಯಿಗೆ ಬರುವ ದಾರಿಯೂ ಈ ತಟ್ಟೆಯ ಮೂಲಕವೇ ಇದೆ. ಬೇಸಿಗೆಯ ಹದಿನೈದು ದಿನ ಅದಕ್ಕೆ ಸಿಗುವ ಅವಕಾಶ. ಅದನ್ನು ಕೆಡಿಸಿಕೊಂಡರೆ ವರ್ಷವಿಡೀ ಇನ್ನೊಂದು ಸಿಗದು.

ಹಾಗಾದರೆ ನೆಂಟರೂಟದ ಲಕ್ಷಣ ಯಾವುದು? ಬಂದವರ ದಣಿವು ಆರಬೇಕು, ಹೊಟ್ಟೆ ಹಗುರವಾಗಿರಬೇಕು, ಯಾವ ಹೊತ್ತಿಗೆ ಬಂದರೂ ತಟ್ಟೆ ಸಿದ್ಧವಿರಬೇಕು, ಬಡಿಸುವವರೂ ಜೊತೆಗೆ ಕೂತು ಉಣ್ಣುವಂತಿರಬೇಕು, ಮತ್ತೆ ಕರೆಯಲು ಮನೆಯವರಿಗೆ ಭಯವಾಗಬಾರದು. ಈ ಐದು ಮಾತುಗಳನ್ನು ಮುಂದಿಟ್ಟುಕೊಂಡು ತೂಗಿದರೆ ಪೂರಿ, ಪನೀರು, ಬಾಟಲಿಗಳ ಊಟ ಒಂದರಲ್ಲೂ ಗೆಲ್ಲುವುದಿಲ್ಲ. ರೊಟ್ಟಿ, ಹಿಂಡಿ, ಅಂಬಲಿಗಳ ಊಟ ಐದರಲ್ಲೂ ಗೆಲ್ಲುತ್ತದೆ. ಉಮರ್ಗಾ, ನಿಲಂಗಾ, ಉದಗೀರಗಳ ಮನೆಗಳು ಇದಕ್ಕಾಗಿ ಹೊಸದೇನನ್ನೂ ಕಲಿಯಬೇಕಾಗಿಲ್ಲ. ತಾವು ದಿನವೂ ಉಣ್ಣುವುದನ್ನು ಬಂದವರ ತಟ್ಟೆಗೂ ಹಾಕಬೇಕು, ಹಾಕುವಾಗ ಇದು ಮಾತ್ರ ಇದೆ ಎಂದು ಕ್ಷಮೆ ಕೇಳುವುದನ್ನು ಬಿಡಬೇಕು. ಆ ಕ್ಷಮೆಗೆ ಕಾರಣವಾದ ನಂಬಿಕೆ ಬರಗಾಲದ ಹಳೆಯ ಅಂಜಿಕೆಯಿಂದ ಹುಟ್ಟಿದ್ದು, ದರಪಟ್ಟಿಯಿಂದ ಬೆಳೆದದ್ದು. ಇಂದು ಅದಕ್ಕೆ ಆಧಾರವಾಗಿ ಏನೂ ಉಳಿದಿಲ್ಲ.